ವಸ್ತುವನ್ನು ಅರಿಯದೆ ದೋಷವನ್ನು ಅರಿಯುವುದು: ಕ್ವಾಂಟಮ್ ಗಣನೆ ಮತ್ತು ಪ್ರಾಮಾಣ್ಯದ ಪ್ರಶ್ನೆ

ಭ್ರಮೆಯ ಸ್ವರೂಪವನ್ನು ಚರ್ಚಿಸುವಾಗ ಭಾರತೀಯ ದರ್ಶನಗಳು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ದೃಷ್ಟಾಂತ ಶುಕ್ತಿರಜತದ್ದು, ಅಂದರೆ ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ತಿಳಿಯುವುದು. ಆಗ ತೋರಿದ ಬೆಳ್ಳಿ ಎಲ್ಲಿಂದ ಬಂತು, ಅದಕ್ಕೆ ಯಾವ ಬಗೆಯ ಇರವಿದೆ ಎಂಬ ಪ್ರಶ್ನೆಗಳಲ್ಲಿ ನೈಯಾಯಿಕರು, ಮೀಮಾಂಸಕರು, ಅದ್ವೈತಿಗಳು ಮತ್ತು ದ್ವೈತಿಗಳು ಒಬ್ಬರನ್ನೊಬ್ಬರು ಒಪ್ಪದಿದ್ದರೂ, ಹತ್ತಿರ ಹೋಗಿ ಚಿಪ್ಪನ್ನು ಚಿಪ್ಪಾಗಿ ಕಂಡಾಗ ಬೆಳ್ಳಿಯ ವ್ಯವಹಾರ ನಿಂತುಹೋಗುತ್ತದೆ ಎಂಬುದರಲ್ಲಿ ಯಾರಿಗೂ ವಿವಾದವಿಲ್ಲ. ತಪ್ಪನ್ನು ತಿದ್ದಿಕೊಳ್ಳಬೇಕಾದರೆ ವಸ್ತುವಿನ ನಿಜಸ್ವರೂಪ ಗೋಚರಿಸಬೇಕು ಎಂಬುದು ಈ ದೃಷ್ಟಾಂತದ ಹಿಂದಿರುವ ಗೃಹೀತ. ಕಣ್ಣಿಗೆ ಕಾಮಾಲೆ ತಗುಲಿದೆ ಎಂದು ಗೊತ್ತಾದಾಗ, ಎದುರಿನ ಶಂಖ ಬಿಳಿಯದೋ ಹಳದಿಯದೋ ಎಂದು ನಿರ್ಣಯಿಸದೆಯೂ ಆ ನೋಟವನ್ನು ನಂಬಲಾಗದೆಂದು ಹೇಳಬಹುದು. ಇದನ್ನು ಮೀಮಾಂಸಕರು ಕಾರಣದೋಷದ ಜ್ಞಾನವೆಂದು ಬೇರೆಯಾಗಿ ಎಣಿಸುತ್ತಾರೆ. ಆದರೆ ಆ ಅರಿವು ನಂಬಿಕೆಯನ್ನು ಹಿಂತೆಗೆದುಕೊಳ್ಳುವುದಕ್ಕೆ ಸಾಕೇ ಹೊರತು ಸರಿಯಾದುದನ್ನು ಮರಳಿ ಪಡೆಯುವುದಕ್ಕೆ ಸಾಲದು.

ಕ್ವಾಂಟಮ್ ಕಂಪ್ಯೂಟರಿನ ದೋಷ ತಿದ್ದುಪಡಿ ಎಂಬ ತಂತ್ರಜ್ಞಾನ ಈ ಗೃಹೀತವನ್ನೇ ಪರೀಕ್ಷೆಗೆ ಒಡ್ಡುತ್ತದೆ. ಅಲ್ಲಿ ಕೂಡಿಟ್ಟ ಮಾಹಿತಿಯನ್ನು ಒಮ್ಮೆಯೂ ನೋಡದೆ, ಅದರಲ್ಲಿ ತಪ್ಪು ನುಸುಳಿದೆಯೇ ಎಂದು ತಿಳಿಯಬೇಕು. ಅಷ್ಟೇ ಅಲ್ಲ, ನೋಡದೆಯೇ ಸರಿಪಡಿಸಬೇಕು. ವಸ್ತುವನ್ನು ಅರಿಯದೆ ಅದರ ದೋಷವನ್ನು ಅರಿಯುವುದು ಸಾಧ್ಯವೇ, ಸಾಧ್ಯವಾದರೆ ಆ ಅರಿವಿನ ಪ್ರಾಮಾಣ್ಯ, ಅಂದರೆ ನಂಬಲರ್ಹತೆ, ಎಲ್ಲಿಂದ ಬರುತ್ತದೆ ಎಂಬ ಎರಡು ಪ್ರಶ್ನೆಗಳು ಈ ತಂತ್ರಜ್ಞಾನದ ಒಳಗೇ ಇವೆ. ಜ್ಞಾನಮೀಮಾಂಸೆಯಲ್ಲಿ ಬಹುಕಾಲದಿಂದ ನಡೆದುಬಂದ ಸ್ವತಃಪ್ರಾಮಾಣ್ಯ ಮತ್ತು ಪರತಃಪ್ರಾಮಾಣ್ಯಗಳ ವಾದಕ್ಕೆ ಇವು ಹೊಸದೊಂದು ಪ್ರಸಂಗವನ್ನು ಒದಗಿಸುತ್ತವೆ.

ಸಾಮಾನ್ಯ ಕಂಪ್ಯೂಟರಿನ ಬಿಟ್ 0 ಅಥವಾ 1 ಆಗಿರುತ್ತದೆ. ಕ್ವಾಂಟಮ್ ಕಂಪ್ಯೂಟರಿನ ಕ್ಯುಬಿಟ್ ಇವೆರಡೂ ಬೇರೆ ಬೇರೆ ಪಾಲಿನಲ್ಲಿ ಬೆರೆತ ಸ್ಥಿತಿಯಲ್ಲಿ ಇರಬಲ್ಲುದು. ಈ ಬೆರಕೆಯನ್ನು ಸೂಪರ್‌ಪೊಸಿಷನ್ ಎನ್ನುತ್ತಾರೆ. ಕ್ಯುಬಿಟ್ಟನ್ನು ಅಳೆದ ಕೂಡಲೇ ಅದು 0 ಅಥವಾ 1ರಲ್ಲಿ ಒಂದಾಗಿ ನಿಲ್ಲುತ್ತದೆ, ಬೆರಕೆ ಅಳಿಸಿಹೋಗುತ್ತದೆ. ಆದ್ದರಿಂದ ನೋಡಿ ತಿದ್ದುವ ದಾರಿ ಮುಚ್ಚಿದೆ. ಮಾಹಿತಿಯ ಹಲವು ಪ್ರತಿಗಳನ್ನು ಇಟ್ಟುಕೊಂಡು ಹೋಲಿಸುವ ದಾರಿಯೂ ಇಲ್ಲ, ಏಕೆಂದರೆ ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲಾಗದೆಂದು ವೂಟರ್ಸ್ ಮತ್ತು ಝುರೆಕ್, ಹಾಗೂ ಪ್ರತ್ಯೇಕವಾಗಿ ಡೀಕ್ಸ್, 1982ರಲ್ಲಿ ಸಾಧಿಸಿ ತೋರಿಸಿದ್ದರು. ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ಕ್ವಾಂಟಮ್ ವಿಧಾನವನ್ನು ಪೀಟರ್ ಶೋರ್ 1994ರಲ್ಲಿ ಪ್ರಕಟಿಸಿದಾಗ ಹಲವು ಭೌತವಿಜ್ಞಾನಿಗಳು ಸಂಶಯ ತಾಳಿದ್ದಕ್ಕೆ ಇದೇ ಕಾರಣ. ಹೊರಗಿನ ಅತಿ ಸಣ್ಣ ಕದಲಿಕೆಯೂ ಕ್ಯುಬಿಟ್ಟನ್ನು ಕೆಡಿಸುವುದರಿಂದ ಇಂಥ ಯಂತ್ರ ಕಾಗದದ ಮೇಲೆಯೇ ಉಳಿಯುತ್ತದೆಂದು ಅವರು ಭಾವಿಸಿದ್ದರು. ಮರುವರ್ಷವೇ ಶೋರ್ ಒಂದು ಕ್ಯುಬಿಟ್ಟಿನ ಮಾಹಿತಿಯನ್ನು ಒಂಬತ್ತು ಕ್ಯುಬಿಟ್ಟುಗಳಲ್ಲಿ ಹರಡಿಟ್ಟು ಕಾಪಾಡುವ ಸಂಕೇತವನ್ನು, ಅಂದರೆ ಕೋಡನ್ನು, ಮುಂದಿಟ್ಟರು.

ಆ ಉಪಾಯದ ತಿರುಳನ್ನು ಅದಕ್ಕಿಂತ ಸರಳವಾದ ಮೂರು ಕ್ಯುಬಿಟ್ಟುಗಳ ಕೋಡಿನಲ್ಲಿ ಕಾಣಬಹುದು. 0 ಎಂಬುದನ್ನು 000 ಎಂದೂ 1 ಎಂಬುದನ್ನು 111 ಎಂದೂ ಹರಡಿಡಲಾಗುತ್ತದೆ; ಬೆರಕೆಯ ಸ್ಥಿತಿಯಾದರೆ ಈ ಎರಡು ವಿನ್ಯಾಸಗಳ ಬೆರಕೆಯಾಗುತ್ತದೆ. ಈಗ ಯಾವ ಕ್ಯುಬಿಟ್ಟಿನ ಬೆಲೆಯನ್ನೂ ಕೇಳದೆ ಎರಡೇ ಪ್ರಶ್ನೆಗಳನ್ನು ಕೇಳುತ್ತಾರೆ: ಮೊದಲನೆಯದೂ ಎರಡನೆಯದೂ ಒಂದೇ ತೆರನಾಗಿವೆಯೇ? ಎರಡನೆಯದೂ ಮೂರನೆಯದೂ ಒಂದೇ ತೆರನಾಗಿವೆಯೇ? ಉತ್ತರವನ್ನು ಪಡೆಯಲು ಬೇರೆಯೇ ಒಂದು ಸಹಾಯಕ ಕ್ಯುಬಿಟ್ಟನ್ನು ಜೋಡಿಸಿ ಅದನ್ನು ಮಾತ್ರ ಅಳೆಯುತ್ತಾರೆ. 000ಕ್ಕೂ 111ಕ್ಕೂ ಉತ್ತರ ಒಂದೇ ಆಗಿರುವುದರಿಂದ, ಕೂಡಿಟ್ಟದ್ದು ಯಾವುದೆಂಬ ಸುಳಿವು ಹೊರಗೆ ಬೀಳುವುದಿಲ್ಲ, ಬೆರಕೆಯೂ ಕೆಡುವುದಿಲ್ಲ. ಎರಡಕ್ಕೂ ಹೌದೆಂಬ ಉತ್ತರ ಬಂದರೆ ತೊಂದರೆಯಿಲ್ಲ. ಮೊದಲ ಪ್ರಶ್ನೆಗೆ ಮಾತ್ರ ಇಲ್ಲವೆಂದು ಬಂದರೆ ಮೊದಲ ಕ್ಯುಬಿಟ್ ಮಗುಚಿದೆ. ಎರಡಕ್ಕೂ ಇಲ್ಲವೆಂದಾದರೆ ನಡುವಿನದು ಮಗುಚಿದೆ. ಎರಡನೆಯದಕ್ಕೆ ಮಾತ್ರ ಇಲ್ಲವೆಂದಾದರೆ ಮೂರನೆಯದು. ಹೀಗೆ ದೊರೆತ ಉತ್ತರಗಳ ಸಾಲಿಗೆ ಸಿಂಡ್ರೋಮ್, ಎಂದರೆ ದೋಷಲಕ್ಷಣ, ಎಂದು ಹೆಸರು. ಕ್ಯುಬಿಟ್ಟಿಗೆ ವಿಶಿಷ್ಟವಾದ ಫೇಸ್ ದೋಷ ಎಂಬ ಇನ್ನೊಂದು ಬಗೆಯ ಕೇಡನ್ನೂ ಇದೇ ರೀತಿಯಲ್ಲಿ ಹಿಡಿಯಬೇಕಾದ್ದರಿಂದ ಶೋರ್ ಅವರಿಗೆ ಒಂಬತ್ತು ಕ್ಯುಬಿಟ್ಟುಗಳು ಬೇಕಾದವು.

ಇಲ್ಲಿ ನಡೆದದ್ದು ತತ್ತ್ವಶಾಸ್ತ್ರದ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ. ನ್ಯಾಯದರ್ಶನದ ಪ್ರಕಾರ ಭೇದವನ್ನು ಅರಿಯಬೇಕಾದರೆ ಯಾವುದಕ್ಕೆ ಭೇದವಿದೆಯೋ ಅದನ್ನೂ ಯಾವುದರಿಂದ ಭೇದವಿದೆಯೋ ಆ ಪ್ರತಿಯೋಗಿಯನ್ನೂ ಅರಿತಿರಬೇಕು. ಗಡಿಗೆಯನ್ನೂ ಬಟ್ಟೆಯನ್ನೂ ತಿಳಿಯದವನಿಗೆ ಗಡಿಗೆ ಬಟ್ಟೆಯಲ್ಲ ಎಂಬ ಜ್ಞಾನ ಹುಟ್ಟದು. ಸಿಂಡ್ರೋಮಿನಲ್ಲಾದರೋ ಸಂಬಂಧಿಗಳಾದ ಎರಡು ಕ್ಯುಬಿಟ್ಟುಗಳ ಬೆಲೆ ಅಜ್ಞಾತವಾಗಿಯೇ ಉಳಿದು, ಅವುಗಳ ನಡುವಣ ಭೇದ ಮಾತ್ರ ತಿಳಿಯುತ್ತದೆ. ಬೆಲೆ ಅಜ್ಞಾತವೆಂದರೂ ಸಾಲದು. ಬೆರಕೆಯ ಸ್ಥಿತಿಯಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ನಿಶ್ಚಿತ ಬೆಲೆ ಎಂಬುದೇ ಇಲ್ಲದೆ, ಸಂಬಂಧಕ್ಕೆ ಮಾತ್ರ ನಿಶ್ಚಿತತೆ ಇರುತ್ತದೆ. ಮೊದಲನೆಯ ಪ್ರಶ್ನೆಗೆ ಇದರಿಂದ ಒಂದು ಉತ್ತರ ದೊರೆಯುತ್ತದೆ: ದೋಷವೆಂಬುದು ನಿಜದಿಂದ ದೂರ ಸರಿದಿರುವುದೆಂದು ಮಾತ್ರವಲ್ಲದೆ, ಭಾಗಗಳ ನಡುವೆ ಇರಬೇಕಾದ ಹೊಂದಾಣಿಕೆ ಮುರಿದಿರುವುದೆಂದೂ ಅರ್ಥಮಾಡಿಕೊಂಡರೆ, ನಿಜ ಕಾಣದಿದ್ದರೂ ದೋಷ ಕಾಣಬಲ್ಲುದು.

ಪ್ರಶ್ನೆ ಕೇಳುವ ಕ್ರಿಯೆಯೂ ಇಲ್ಲಿ ತಟಸ್ಥವಲ್ಲ. ಕ್ಯುಬಿಟ್ಟಿಗೆ ತಗಲುವ ಕೇಡು ಸಾಮಾನ್ಯವಾಗಿ ಪೂರ್ತಿ ಮಗುಚುವಿಕೆಯಾಗಿರದೆ, ಯಾವುದೋ ಒಂದು ಸಣ್ಣ ಕೋನದಷ್ಟು ತಿರುಗುವಿಕೆಯಾಗಿರುತ್ತದೆ. ಅಂಥ ಕೋನಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಒಂದೊಂದಕ್ಕೂ ಮದ್ದು ಹುಡುಕುವುದು ಆಗದ ಮಾತು. ಸಿಂಡ್ರೋಮನ್ನು ಅಳೆದಾಗ ಈ ಅರೆಬರೆ ತಿರುಗುವಿಕೆ ಒಂದೋ ಏನೂ ಆಗಿಲ್ಲವೆಂಬ ಸ್ಥಿತಿಗೆ ಹಿಂತಿರುಗುತ್ತದೆ, ಇಲ್ಲವೇ ಪೂರ್ತಿ ಮಗುಚಿದ ಸ್ಥಿತಿಗೆ ತಲುಪುತ್ತದೆ. ವಿಚಾರಣೆಗೆ ಮುಂಚೆ ಹೀಗೆಂದು ಹೇಳಲಾಗದಂತಿದ್ದ ದೋಷ ವಿಚಾರಣೆಯಿಂದಲೇ ನಿರ್ದಿಷ್ಟ ರೂಪ ತಾಳುತ್ತದೆ. ದೋಷ ಮೊದಲೇ ಸಿದ್ಧವಾಗಿದ್ದು ಪರೀಕ್ಷೆ ಅದನ್ನು ಬೆಳಕಿಗೆ ತರುತ್ತದೆ ಎಂಬ ಸಾಮಾನ್ಯ ಭಾವನೆ ಇಲ್ಲಿ ಹೊಂದುವುದಿಲ್ಲ. ತಿದ್ದಬಹುದಾದ ದೋಷವನ್ನು ಪರೀಕ್ಷೆಯೇ ರೂಪಿಸಿಕೊಡುತ್ತದೆ.

ಸಿಂಡ್ರೋಮ್ ಲಕ್ಷಣ ಮಾತ್ರ. ಲಕ್ಷಣದಿಂದ ದೋಷವನ್ನು ಊಹಿಸುವ ಕೆಲಸ ಡಿಕೋಡರ್ ಎಂಬ ಸಾಫ್ಟ್‌ವೇರಿನದು, ಅದು ನಡೆಯುವುದು ಸಾಮಾನ್ಯ ಕಂಪ್ಯೂಟರಿನಲ್ಲಿ. ಈಗ ಹೆಚ್ಚು ಬಳಕೆಯಲ್ಲಿರುವ ಸರ್ಫೇಸ್ ಕೋಡ್ ಅಲೆಕ್ಸಿ ಕಿಟಾಯೆವ್ 1997ರಲ್ಲಿ ಕೊಟ್ಟ ವಿಚಾರದಿಂದ ಬೆಳೆದದ್ದು. ಅದರಲ್ಲಿ ಕ್ಯುಬಿಟ್ಟುಗಳು ಚೌಕಳಿಯಾಗಿ ನಿಂತಿರುತ್ತವೆ. ಚೌಕದ ಬದಿಯಲ್ಲಿ ಏಳು ಕ್ಯುಬಿಟ್ಟುಗಳಿದ್ದರೆ ಮಾಹಿತಿಯನ್ನು ಹೊರುವವು 49, ಅವುಗಳ ನಡುವೆ ನಿಂತು ಪ್ರಶ್ನೆ ಕೇಳುವವು 48. ಪ್ರತಿ ಸುತ್ತಿಗೂ 48 ಉತ್ತರಗಳು ಬರುತ್ತವೆ, ಸೂಪರ್‌ಕಂಡಕ್ಟಿಂಗ್ ಯಂತ್ರಗಳಲ್ಲಿ ಒಂದು ಸುತ್ತಿಗೆ ತಗಲುವ ಕಾಲ ಸುಮಾರು ಒಂದು ಮೈಕ್ರೋಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಪ್ರಶ್ನೆ ಕೇಳುವ ಕ್ಯುಬಿಟ್ಟುಗಳೂ ತಪ್ಪುವುದರಿಂದ ಒಂದು ಸುತ್ತಿನ ಉತ್ತರವನ್ನು ನೆಚ್ಚಿಕೊಳ್ಳುವಂತಿಲ್ಲ. ಸುತ್ತಿನಿಂದ ಸುತ್ತಿಗೆ ಉತ್ತರ ಎಲ್ಲೆಲ್ಲಿ ಬದಲಾಯಿತೆಂಬುದನ್ನು ಗುರುತು ಹಾಕಿಕೊಂಡು, ಜಾಗ ಮತ್ತು ಕಾಲ ಎರಡರಲ್ಲೂ ಹರಡಿದ ಆ ಗುರುತುಗಳನ್ನು ಅತಿ ಕಡಿಮೆ ವೆಚ್ಚದಲ್ಲಿ ಜೋಡಿ ಜೋಡಿಯಾಗಿ ಕೂಡಿಸುವ ದಾರಿಯನ್ನು ಡಿಕೋಡರ್ ಹುಡುಕುತ್ತದೆ. ಇಲ್ಲಿ ವೆಚ್ಚವೆಂದರೆ ಆ ದೋಷ ಸಂಭವಿಸುವ ಸಾಧ್ಯತೆ ಎಷ್ಟು ವಿರಳವೆಂಬುದರ ಅಳತೆ. ಕ್ವಾಂಟಮ್ ಗಣನೆಯ ಮಾತೇ ಇಲ್ಲದಿದ್ದ 1965ರಲ್ಲಿ ಜ್ಯಾಕ್ ಎಡ್ಮಂಡ್ಸ್ ರೂಪಿಸಿದ ಜೋಡಣೆಯ ಗಣಿತವಿಧಾನವೇ ಈ ಲೆಕ್ಕಕ್ಕೆ ಆಧಾರ.

ಡಿಕೋಡರಿನ ಈ ಕ್ರಿಯೆ ದರ್ಶನಗಳು ಹೇಳುವ ಅನುಮಾನವನ್ನು ಹೋಲುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಸಿಂಡ್ರೋಮಿನಿಂದ ದೋಷವನ್ನು ಊಹಿಸಲಾಗುತ್ತದೆ. ಆದರೆ ಹೊಗೆಗೂ ಬೆಂಕಿಗೂ ತಪ್ಪದ ಸಾಹಚರ್ಯ, ಎಂದರೆ ವ್ಯಾಪ್ತಿ, ಇರುವಂತೆ ಇಲ್ಲಿ ಇಲ್ಲ. ಮೂರು ಕ್ಯುಬಿಟ್ಟುಗಳ ಕೋಡಿನಲ್ಲಿ ಮೊದಲನೆಯದು ಮಗುಚಿದಾಗ ಬರುವ ಲಕ್ಷಣವೇ ಎರಡನೆಯದೂ ಮೂರನೆಯದೂ ಒಟ್ಟಿಗೆ ಮಗುಚಿದಾಗಲೂ ಬರುತ್ತದೆ. ಒಂದೇ ಹೇತು, ಎಂದರೆ ಊಹೆಗೆ ಆಧಾರವಾದ ಲಕ್ಷಣ, ಎರಡು ವಿರುದ್ಧ ಸಾಧ್ಯಗಳತ್ತ ಬೊಟ್ಟುಮಾಡಿದರೆ ಅದನ್ನು ನೈಯಾಯಿಕರು ಸವ್ಯಭಿಚಾರವೆಂಬ ಹೇತ್ವಾಭಾಸದಲ್ಲಿ ಸೇರಿಸಿ ತಳ್ಳಿಹಾಕುತ್ತಾರೆ. ಎಂಜಿನಿಯರು ಅದನ್ನು ತಳ್ಳಿಹಾಕದೆ ತೂಗಿ ನೋಡುತ್ತಾನೆ: ಒಂದು ಕ್ಯುಬಿಟ್ ಕೆಡುವ ಸಾಧ್ಯತೆ ನೂರರಲ್ಲಿ ಒಂದಾದರೆ ಎರಡು ಒಟ್ಟಿಗೆ ಕೆಡುವುದು ಹತ್ತು ಸಾವಿರದಲ್ಲಿ ಒಂದು, ಆದ್ದರಿಂದ ಮೊದಲ ಊಹೆಯೇ ಇರಲಿ ಎನ್ನುತ್ತಾನೆ. ಸರ್ಫೇಸ್ ಕೋಡಿನಲ್ಲಿ ಇನ್ನೂ ಒಂದು ಸೌಲಭ್ಯವಿದೆ. ಒಂದೇ ಲಕ್ಷಣ ತೋರುವ ದೋಷಗಳು ಹಲವಿದ್ದರೂ, ಕೂಡಿಟ್ಟ ಮಾಹಿತಿಯ ಮೇಲೆ ಒಂದೇ ಪರಿಣಾಮ ಬೀರುವ ದೋಷಗಳ ಪೈಕಿ ನಿಜವಾಗಿ ನಡೆದದ್ದು ಯಾವುದೆಂದು ಪತ್ತೆಹಚ್ಚುವ ಅಗತ್ಯವೇ ಇಲ್ಲ, ಅವುಗಳಲ್ಲಿ ಯಾವುದನ್ನು ಊಹಿಸಿದರೂ ತಿದ್ದುಪಡಿ ಸರಿಹೋಗುತ್ತದೆ.

ತಿದ್ದುಪಡಿ ಎಂಬ ಮಾತನ್ನೂ ಇಲ್ಲಿ ಎಚ್ಚರದಿಂದ ಗ್ರಹಿಸಬೇಕು. ಡಿಕೋಡರ್ ದೋಷವನ್ನು ಗುರುತಿಸಿದ ಮೇಲೆ ಹಲವು ಸಲ ಕ್ಯುಬಿಟ್ಟನ್ನು ಯಾರೂ ಮುಟ್ಟುವುದಿಲ್ಲ. ಇಂಥ ಕ್ಯುಬಿಟ್ ಮಗುಚಿದೆ ಎಂದು ಸಾಫ್ಟ್‌ವೇರಿನ ಕಡತದಲ್ಲಿ ಬರೆದಿಟ್ಟು, ಮುಂದೆ ಬರುವ ಫಲಿತಾಂಶಗಳನ್ನು ಆ ಬರಹಕ್ಕೆ ಅನುಗುಣವಾಗಿ ತಿರುಗಿಸಿ ಓದಲಾಗುತ್ತದೆ. ಈ ಲೆಕ್ಕಪುಸ್ತಕಕ್ಕೆ ಪೌಲಿ ಫ್ರೇಮ್ ಎಂಬ ಹೆಸರಿದೆ. ದೋಷ ವಸ್ತುವಿನಲ್ಲಿ ಹಾಗೆಯೇ ಉಳಿದಿದ್ದು, ಅದರ ಅರ್ಥವಿವರಣೆ ಮಾತ್ರ ಬದಲಾಗುವುದರಿಂದ, ದೋಷನಿವೃತ್ತಿಯೆಂಬುದು ಜ್ಞಾನದ ಮಟ್ಟದಲ್ಲೇ ನಡೆದುಹೋಗುತ್ತದೆ. ಹಾಗೆಂದು ಈ ಜ್ಞಾನ ನಿಧಾನವಾಗಿ ಬಂದರೂ ಆದೀತು ಎನ್ನುವಂತಿಲ್ಲ. ಗಣನೆಯ ಕೆಲವು ಘಟ್ಟಗಳಲ್ಲಿ ಮುಂದಿನ ಹೆಜ್ಜೆ ಯಾವುದೆಂಬುದು ಅಲ್ಲಿಯವರೆಗಿನ ದೋಷಗಳ ಲೆಕ್ಕವನ್ನೇ ಅವಲಂಬಿಸಿರುತ್ತದೆ. ಸಿಂಡ್ರೋಮ್ ಬರುವ ವೇಗಕ್ಕಿಂತ ಡಿಕೋಡರ್ ಹಿಂದೆ ಬಿದ್ದರೆ ಬಾಕಿ ಬೆಳೆಯುತ್ತ ಹೋಗಿ, ಪ್ರತಿ ಘಟ್ಟದಲ್ಲೂ ಕಾಯುವ ಹೊತ್ತು ಗುಣಿಸುತ್ತ ಏರಿ, ಕ್ವಾಂಟಮ್ ಯಂತ್ರದಿಂದ ದೊರೆಯಬೇಕಾದ ಲಾಭವೇ ಕರಗಿಹೋಗುತ್ತದೆ. ಗೂಢಲಿಪಿಯಲ್ಲಿ ಬಳಸುವ 2048 ಬಿಟ್ಟುಗಳ ಆರ್‌ಎಸ್‌ಎ ಸಂಖ್ಯೆಯನ್ನು ಅಪವರ್ತಿಸಲು 2 ಕೋಟಿ ಕ್ಯುಬಿಟ್ಟುಗಳು ಮತ್ತು 8 ಗಂಟೆ ಬೇಕೆಂದು ಗಿಡ್ನಿ ಮತ್ತು ಎಕೆರೊ 2019ರಲ್ಲಿ ಅಂದಾಜು ಮಾಡಿದ್ದರು. ಮೈಕ್ರೋಸೆಕೆಂಡಿಗೊಂದು ಸುತ್ತಿನಂತೆ 8 ಗಂಟೆಯೆಂದರೆ 2,880 ಕೋಟಿ ಸುತ್ತುಗಳು, ಅಷ್ಟು ಸುತ್ತುಗಳ ಅನುಮಾನವೂ ಆಗಿಂದಾಗಲೇ ನಡೆದಿರಬೇಕು.

ಎರಡನೆಯ ಪ್ರಶ್ನೆ ಇಲ್ಲಿಂದ ಏಳುತ್ತದೆ. ಎರಡು ಕ್ಯುಬಿಟ್ಟುಗಳು ಕೆಟ್ಟಿದ್ದಾಗ ಡಿಕೋಡರ್ ಮೂರನೆಯದನ್ನು ಕೆಟ್ಟಿದೆಯೆಂದು ಊಹಿಸಿ ಮಗುಚಿದರೆ, ಮೂರೂ ಮಗುಚಿದಂತಾಗಿ 000 ಇದ್ದದ್ದು 111 ಆಗುತ್ತದೆ. ಮರುಸುತ್ತಿನಲ್ಲಿ ಎರಡೂ ಪ್ರಶ್ನೆಗಳಿಗೆ ಹೌದೆಂಬ ಉತ್ತರವೇ ಬರುತ್ತದೆ. ಮಾಹಿತಿ ಪೂರ್ತಿ ತಲೆಕೆಳಗಾದ ಗಳಿಗೆಯಲ್ಲಿ ಪರೀಕ್ಷೆ ಎಲ್ಲವೂ ಸರಿಯಾಗಿದೆ ಎಂದು ಹೇಳುತ್ತದೆ. ಏಳನೆಯ ಶತಮಾನದ ಕುಮಾರಿಲ ಭಟ್ಟರ ಸ್ವತಃಪ್ರಾಮಾಣ್ಯವಾದದಂತೆ, ಹುಟ್ಟಿದ ಜ್ಞಾನ ಸಹಜವಾಗಿಯೇ ಪ್ರಮಾಣ; ಅದನ್ನು ಅಲ್ಲಗಳೆಯುವ ಬಾಧಕಜ್ಞಾನವೋ ಕಾರಣದೋಷದ ಅರಿವೋ ಎದುರಾಗುವ ತನಕ ಅದನ್ನು ನಂಬಬೇಕು. ಮೂರು ಕ್ಯುಬಿಟ್ಟುಗಳ ಈ ಸಣ್ಣ ಪ್ರಸಂಗ ಆ ವಾದದ ಮುಂದೆ ಕಠಿಣವಾದ ಆಕ್ಷೇಪವೊಂದನ್ನು ಇಡುತ್ತದೆ, ಏಕೆಂದರೆ ಇಲ್ಲಿ ಬಾಧಕವೇ ಇಲ್ಲದ ಸ್ಥಿತಿ ತಪ್ಪಿನ ಪರಿಪೂರ್ಣತೆಯಿಂದಲೂ ಉಂಟಾಗಬಲ್ಲುದು. ಹೊಂದಾಣಿಕೆ ಮುರಿದರೆ ದೋಷವಿದೆ ಎನ್ನಬಹುದು. ಹೊಂದಾಣಿಕೆ ಇದ್ದಮಾತ್ರಕ್ಕೆ ನಿಜವಿದೆ ಎನ್ನಲಾಗದು.

ಹಾಗಾದರೆ ಪ್ರಾಮಾಣ್ಯವನ್ನು ಇನ್ನೊಂದು ಜ್ಞಾನದಿಂದ ನಿರ್ಣಯಿಸಬೇಕು ಎಂಬ ನೈಯಾಯಿಕರ ಪರತಃಪ್ರಾಮಾಣ್ಯವನ್ನು ಒಪ್ಪಿದರೆ, ಆ ಇನ್ನೊಂದು ಜ್ಞಾನಕ್ಕೂ ಮತ್ತೊಂದು ಬೇಕಾಗಿ ಅನವಸ್ಥೆ, ಎಂದರೆ ಕೊನೆಗಾಣದ ಸರಪಣಿ, ಬಂದೊದಗುತ್ತದೆ. ಪರೀಕ್ಷಿಸುವ ಕ್ಯುಬಿಟ್ಟನ್ನು ಪರೀಕ್ಷಿಸಲು ಮತ್ತೊಂದು ಕ್ಯುಬಿಟ್, ಅದಕ್ಕೆ ಮಗದೊಂದು ಎಂಬ ಆತಂಕ ಇದರದೇ ರೂಪ. ಮೂರು ನಾಲ್ಕು ಜ್ಞಾನಗಳಾಚೆಗೆ ಪರೀಕ್ಷೆ ಬೇಕಾಗುವುದಿಲ್ಲವೆಂದು ಕುಮಾರಿಲರು ಸರಪಣಿಗೆ ಒಂದು ಮಿತಿ ಹಾಕಿದರು. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಸಾಕ್ಷಿ ಎಂಬ, ಎಂದೂ ತಪ್ಪದ ಒಳಗಿನ ಅರಿವೊಂದನ್ನು ಒಪ್ಪಿ, ಸಂಶಯವಿದ್ದೆಡೆ ಪರೀಕ್ಷೆ ನಡೆದರೂ ಕೊನೆಯ ನಿರ್ಣಯ ಅದರದೇ ಎಂದು ಹೇಳಿ ಸರಪಣಿಯನ್ನು ನಿಲ್ಲಿಸಿದರು. ಕ್ವಾಂಟಮ್ ಯಂತ್ರದ ಒಳಗೆ ಅಂಥ ಸಾಕ್ಷಿಗೆ ಎಡೆಯಿಲ್ಲ. ಮಾಹಿತಿಯನ್ನು ಹೊರುವ ಕ್ಯುಬಿಟ್, ಪ್ರಶ್ನೆ ಕೇಳುವ ಕ್ಯುಬಿಟ್, ಅವನ್ನು ಜೋಡಿಸುವ ಕ್ರಿಯೆ ಎಲ್ಲವೂ ತಪ್ಪಬಲ್ಲವು.

ಈ ಇಕ್ಕಟ್ಟಿಗೆ ಎಂಜಿನಿಯರಿಂಗ್ ಕೊಟ್ಟ ಉತ್ತರ ಬೇರೆ ಬಗೆಯದು. ನಂಬಲಾಗದ ಬಿಡಿಭಾಗಗಳಿಂದ ನಂಬಬಹುದಾದ ಯಂತ್ರವನ್ನು ಕಟ್ಟಬಹುದೆಂದು ಜಾನ್ ಫಾನ್ ನಾಯ್ಮನ್ 1950ರ ದಶಕದಲ್ಲಿ ತೋರಿಸಿದ್ದರು. ಕ್ವಾಂಟಮ್ ಯಂತ್ರಕ್ಕೂ ಇದು ಅನ್ವಯಿಸುತ್ತದೆಂದು ಅಹರೊನೊವ್ ಮತ್ತು ಬೆನ್-ಓರ್, ಕಿಟಾಯೆವ್, ನಿಲ್, ಲಾಫ್ಲಾಮ್ ಮತ್ತು ಝುರೆಕ್ 1990ರ ದಶಕದ ಉತ್ತರಾರ್ಧದಲ್ಲಿ ಸಾಧಿಸಿದರು. ಬಿಡಿಭಾಗಗಳ ದೋಷದ ದರ ಒಂದು ನಿರ್ದಿಷ್ಟ ಮಿತಿಗಿಂತ ಕೆಳಗಿದ್ದರೆ, ಪರೀಕ್ಷೆಗಳನ್ನು ಹೆಚ್ಚಿಸುತ್ತ ಹೋದಂತೆ ಒಟ್ಟು ದೋಷ ಬೇಕಾದಷ್ಟು ಕುಗ್ಗುತ್ತದೆ. ಮಿತಿಗಿಂತ ಮೇಲಿದ್ದರೆ ಪರೀಕ್ಷೆಗಳೇ ದೋಷವನ್ನು ಹೆಚ್ಚಿಸುತ್ತವೆ. ಇದನ್ನು ಥ್ರೆಶೋಲ್ಡ್ ಪ್ರಮೇಯ ಎನ್ನುತ್ತಾರೆ. ಸರ್ಫೇಸ್ ಕೋಡಿನಲ್ಲಿ ಈ ಮಿತಿ ಸುಮಾರು ನೂರಕ್ಕೆ ಒಂದು. ಗೂಗಲ್ ಸಂಸ್ಥೆಯ ತಂಡ ವಿಲೋ ಎಂಬ ಕ್ವಾಂಟಮ್ ಚಿಪ್‌ನ ಮೇಲೆ ನಡೆಸಿ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೌಕದ ಬದಿ ಮೂರರಿಂದ ಐದಕ್ಕೆ, ಐದರಿಂದ ಏಳಕ್ಕೆ ಏರಿದಾಗ ದೋಷದ ದರ ಪ್ರತಿ ಸಲವೂ ಅರ್ಧಕ್ಕಿಂತ ಕೆಳಗಿಳಿಯಿತು. ಏಳರ ಚೌಕದಲ್ಲಿ ಒಂದು ಸುತ್ತಿನ ದೋಷ ಶೇಕಡ 0.143ರಷ್ಟಿತ್ತು. ಅನವಸ್ಥೆಯ ಸರಪಣಿ ಇಲ್ಲಿ ಕಡಿದುಹೋಗಲಿಲ್ಲ, ತಪ್ಪದ ಸಾಕ್ಷಿಯೊಂದರ ಬಳಿ ನಿಲ್ಲಲೂ ಇಲ್ಲ. ಪ್ರತಿ ಕೊಂಡಿಯೂ ಹಿಂದಿನದಕ್ಕಿಂತ ಕಡಿಮೆ ಸಂಶಯವನ್ನು ಉಳಿಸುವುದರಿಂದ ಅದು ನಿರಪಾಯಕಾರಿಯಾಯಿತು. ಪ್ರಾಮಾಣ್ಯ ಬಿಡಿ ಜ್ಞಾನದ ಗುಣವಾಗಿರದೆ, ತಪ್ಪಬಲ್ಲ ಜ್ಞಾನಗಳ ಜೋಡಣೆಯ ಗುಣವಾಯಿತು.

ಆದರೂ ಡಿಕೋಡರ್ ಸರಿಯಾಗಿ ಊಹಿಸುತ್ತಿದೆಯೆಂದು ತಿಳಿಯುವುದು ಹೇಗೆಂಬ ಪ್ರಶ್ನೆ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಮೊದಲೇ ಗೊತ್ತಿರುವ ಸ್ಥಿತಿಯೊಂದನ್ನು ಕೂಡಿಟ್ಟು, ಹಲವು ಸುತ್ತುಗಳ ನಂತರ ಅಳೆದು, ಡಿಕೋಡರಿನ ತೀರ್ಪಿನೊಂದಿಗೆ ತಾಳೆ ನೋಡುತ್ತಾರೆ. ಕ್ರೇಗ್ ಗಿಡ್ನಿ 2021ರಲ್ಲಿ ಪ್ರಕಟಿಸಿದ ಸ್ಟಿಮ್‌ನಂಥ ಸಿಮ್ಯುಲೇಟರುಗಳು, ಎಂದರೆ ಯಂತ್ರದ ವರ್ತನೆಯನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಅನುಕರಿಸುವ ಸಾಫ್ಟ್‌ವೇರುಗಳು, ಇಂಥ ಪರೀಕ್ಷೆಗಳನ್ನು ಕೋಟಿಗಟ್ಟಲೆ ಸಲ ನಡೆಸಿ ಕೊಡುತ್ತವೆ. ದೋಷ ತಿದ್ದುಪಡಿಯಲ್ಲಿ ಬಳಕೆಯಾಗುವ ಕ್ರಿಯೆಗಳ ವರ್ಗವನ್ನು ಸಾಮಾನ್ಯ ಕಂಪ್ಯೂಟರ್ ಸುಲಭವಾಗಿ ಅನುಕರಿಸಬಲ್ಲದೆಂಬ ಗಾಟ್ಸ್‌ಮನ್ ಮತ್ತು ನಿಲ್ ಅವರ ಪ್ರಮೇಯ ಇದಕ್ಕೆ ಬಲ ಕೊಟ್ಟಿದೆ. ಹೀಗೆ ಉತ್ತರ ಗೊತ್ತಿರುವಲ್ಲಿ ಗಳಿಸಿದ ನಂಬಿಕೆಯನ್ನು ಉತ್ತರ ಗೊತ್ತಿಲ್ಲದ ಗಣನೆಗೆ ವಿಸ್ತರಿಸಲಾಗುತ್ತದೆ. ಅಪವರ್ತನದಂಥ ಗಣನೆಯಲ್ಲಿ ಬಂದ ಉತ್ತರವನ್ನು ಗುಣಿಸಿ ನೋಡಿದರೆ ಸಾಕು; ಕ್ರಿಯೆ ಫಲಿಸಿದ್ದರಿಂದ ಜ್ಞಾನ ಸರಿಯೆಂದು ತಿಳಿಯುವ ಈ ಬಗೆ ನೈಯಾಯಿಕರು ಹೇಳುವ ಪ್ರವೃತ್ತಿಸಾಮರ್ಥ್ಯವೇ. ದೊಡ್ಡ ಅಣುವೊಂದರ ಶಕ್ತಿಯನ್ನು ಲೆಕ್ಕ ಹಾಕುವಲ್ಲಿ ಅಂಥ ಅಗ್ಗದ ತಾಳೆ ಯಾವಾಗಲೂ ದೊರೆಯದು. ಅಲ್ಲಿ ಉಳಿಯುವುದು ಜೋಡಣೆಯ ಮೇಲಿನ ನಂಬಿಕೆ ಮಾತ್ರ.

ಆ ಜೋಡಣೆಯ ಬುಡದಲ್ಲಿ ಒಂದು ಷರತ್ತಿದೆ: ದೋಷಗಳು ಒಂದಕ್ಕೊಂದು ಕೈಜೋಡಿಸದೆ ಬಹುಮಟ್ಟಿಗೆ ಬಿಡಿಬಿಡಿಯಾಗಿ ಸಂಭವಿಸಬೇಕು. ಎರಡು ಒಟ್ಟಿಗೆ ಕೆಡುವುದು ಹತ್ತು ಸಾವಿರದಲ್ಲೊಂದು ಎಂಬ ಲೆಕ್ಕ ನಿಂತಿರುವುದು ಅದರ ಮೇಲೆಯೇ. ಅಂತರಿಕ್ಷದಿಂದ ಬರುವ ಕಾಸ್ಮಿಕ್ ಕಿರಣದಂಥ ಶಕ್ತಿಶಾಲಿ ಕಣವೊಂದು ಚಿಪ್‌ಗೆ ಬಡಿದರೆ ಹತ್ತಾರು ಕ್ಯುಬಿಟ್ಟುಗಳು ಏಕಕಾಲಕ್ಕೆ ಕೆಡುತ್ತವೆ. ವಿಲೋ ಪ್ರಯೋಗದಲ್ಲಿ ಮಗುಚುವಿಕೆಯನ್ನಷ್ಟೇ ಹಿಡಿಯುವ, 29 ಕ್ಯುಬಿಟ್ಟುಗಳ ಉದ್ದದ ಸರಳ ಕೋಡನ್ನೂ ಓಡಿಸಿ ನೋಡಿದಾಗ, ಗಂಟೆಗೆ ಸುಮಾರು ಒಂದು ಸಲ, ಎಂದರೆ ಸುಮಾರು 300 ಕೋಟಿ ಸುತ್ತುಗಳಿಗೊಮ್ಮೆ, ಒಟ್ಟೊಟ್ಟಿಗೆ ಬಂದ ದೋಷಗಳ ಅಲೆಯೊಂದು ಕೋಡನ್ನು ಮುರಿಯಿತು. ಅಂಥ ಅಲೆಯನ್ನು ನಿರೀಕ್ಷಿಸದ ಡಿಕೋಡರಿಗೆ ತನ್ನ ಊಹೆ ತಪ್ಪೆಂದು ಹೇಳುವ ಲಕ್ಷಣ ಒಳಗಿನಿಂದ ಸಿಗಬೇಕೆಂದಿಲ್ಲ; ಅದು ಹೊರಬಿದ್ದದ್ದು ಮನುಷ್ಯರು ಗೊತ್ತಿರುವ ಉತ್ತರದೊಂದಿಗೆ ಹೋಲಿಸಿ ನೋಡಿದ್ದರಿಂದ. ಅಪ್ರಾಮಾಣ್ಯ ಯಾವಾಗಲೂ ಪರತಃ, ಹೊರಗಿನ ಪರೀಕ್ಷೆಯಿಂದಲೇ ತಿಳಿಯುತ್ತದೆ ಎಂದು ಮಧ್ವರೂ ಮೀಮಾಂಸಕರೂ ಹೇಳಿದ ಮಾತಿಗೆ ಈ ಪ್ರಸಂಗ ಪೂರ್ತಿ ಹೊಂದುತ್ತದೆ.

ಇದರಿಂದ ಪ್ರಾಮಾಣ್ಯವಾದಕ್ಕೆ ಒದಗುವ ತಿದ್ದುಪಡಿಯನ್ನು ಹೀಗೆ ಸಂಗ್ರಹಿಸಬಹುದು. ವಸ್ತುವನ್ನು ಕಾಣದೆಯೂ ದೋಷವನ್ನು ಕಾಣಬಹುದು, ಎಂದೂ ತಪ್ಪದ ಸಾಕ್ಷಿಯಿಲ್ಲದೆಯೂ ನಂಬಲರ್ಹವಾದ ಅರಿವನ್ನು ಕಟ್ಟಬಹುದು. ಆದರೆ ಸಾಕ್ಷಿ ತೆರವು ಮಾಡಿದ ಸ್ಥಾನ ಬರಿದಾಗಿ ಉಳಿಯದೆ, ದೋಷಗಳು ಯಾವ ಬಗೆಯವು, ಅವು ಎಷ್ಟರಮಟ್ಟಿಗೆ ಪರಸ್ಪರ ಸ್ವತಂತ್ರ ಎಂಬ ಗೃಹೀತ ಅಲ್ಲಿ ಬಂದು ಕೂರುತ್ತದೆ. ಸಾಕ್ಷಿಯನ್ನು ಪ್ರಶ್ನಿಸಲಾಗದು, ಗೃಹೀತವನ್ನಾದರೋ ಬರೆದಿಡಬಹುದು, ಅಳೆಯಬಹುದು, ಹುಸಿಯೆಂದು ಕಂಡ ದಿನ ಬದಲಿಸಬಹುದು. ಡಿಕೋಡರನ್ನು ಬರೆಯುವವರು ತಮ್ಮ ಸಾಫ್ಟ್‌ವೇರಿನೊಂದಿಗೆ ಅದು ನಂಬಿ ನಡೆದ ದೋಷಗಳ ಮಾದರಿಯನ್ನೂ ಪ್ರಕಟಿಸುವ ರೂಢಿಗೆ ಇರುವ ಬೆಲೆ ಇದೇ. ಯಾವ ಷರತ್ತಿನ ಮೇಲೆ ನಂಬಬೇಕೆಂದು ಹೇಳದ ಫಲಿತಾಂಶ ಎಷ್ಟೇ ನಿಖರವಾಗಿದ್ದರೂ ಪ್ರಮಾಣವೆನಿಸಿಕೊಳ್ಳಲಾರದು.